ಕೊಸರು ತಿಳಿಯದ ತಕ್ಕಡಿ

ಕಂಪ್ಯೂಟರ್ ಚಿಪ್ಪಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಕಾಲದಲ್ಲಿ ಮೆಮೊರಿ ಎಷ್ಟಿತ್ತು? ಇನ್ನೂರೈವತ್ತಾರು ಎನ್ನುತ್ತೇನೆ. ಕೆಬಿಯಾ ಎಂಬಿಯಾ ಎಂದು ಮತ್ತೆ ಕೇಳುತ್ತಾರೆ. ಬರೀ ಬೈಟು ಕಣ್ರಪ್ಪಾ ಎಂದರೆ ನಗುತ್ತಾರೆ. ನಗಲಿ. ನೀವು ಈಗ ಓದಿದ ಈ ನಾಲ್ಕು ಸಾಲು ಕೂಡ ಅದರೊಳಗೆ ಹಿಡಿಯುತ್ತಿರಲಿಲ್ಲ. ಅಷ್ಟರಲ್ಲೇ ನಾವು ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಕೂತು ಎಲೆಕ್ಟ್ರಾನಿಕ್ ತಕ್ಕಡಿ ಮಾಡಿದೆವು. ಅದು ಹೊನ್ನಾಳಿಯಲ್ಲಿ ಭತ್ತ ತೂಗಿತು, ನ್ಯಾಮತಿಯಲ್ಲಿ ಮೆಕ್ಕೆಜೋಳ ತೂಗಿತು, ಜಗಳೂರಿನಲ್ಲಿ ಶೇಂಗಾದ ಜೊತೆಗೆ ತೂಗಬಾರದ್ದನ್ನೂ ತೂಗಿತು. ಆ ಕಥೆಯನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಇಲ್ಲ. ಅಂಗಡಿಗೆ ನಾನೇ ಮಾಲೀಕ, ನಾನೇ ಜವಾನ, ಇನ್ನು ಬಡ್ತಿ ಕೊಡುವವರು ಯಾರು?

ನಾನು ಇಂಜಿನಿಯರಿಂಗ್ ಓದಿದವನಲ್ಲ. ಎಪ್ಪತ್ತರ ದಶಕದಲ್ಲಿ ಚನ್ನಗಿರಿಯ ಹಬೀಬ್ ಸಾಹೇಬರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕಲಿತವನು. ಸಾಹೇಬರ ಅಂಗಡಿಯಲ್ಲಿ ಒಂದು ನಿಯಮವಿತ್ತು. ಗಿರಾಕಿ ರೇಡಿಯೋ ತಂದಿಟ್ಟ ಕೂಡಲೇ ಮುಚ್ಚಳ ತೆಗೆಯುವಂತಿಲ್ಲ.

"ಮೊದ್ಲು ಅವರ ಬಾಯಿ ತೆಗೆಸೋ ಮಾದೇವ, ಆಮೇಲೆ ರೇಡಿಯೋ ಬಾಯಿ ತೆಗಿ" ಎನ್ನುತ್ತಿದ್ದರು.

ಸಂತೇಬೆನ್ನೂರಿನ ಒಬ್ಬ ಯಜಮಾನರು ದಿನ ಬಿಟ್ಟು ದಿನ ಬರುತ್ತಿದ್ದರು. ಅವರ ರೇಡಿಯೋ ಸಂಜೆ ವಾರ್ತೆಗೆ ಸರಿಯಾಗಿ ಗೊರಗೊರ ಎನ್ನುವುದಂತೆ. ನಮ್ಮ ಅಂಗಡಿಯಲ್ಲಿ ಮಾತ್ರ ಅದು ಕೋಗಿಲೆಯ ಹಾಗೆ ಹಾಡುತ್ತಿತ್ತು. ನಾನು ವಾಲ್ವು ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ. ಕೊನೆಗೆ ಸಾಹೇಬರು ಅವರನ್ನು ಕೂರಿಸಿ ಚಹಾ ಕುಡಿಸಿ, ಮನೆಯ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಎಂದು ಕೇಳಿದರು. ಬಲಕ್ಕೆ ಹಿಟ್ಟಿನ ಗಿರಣಿ ಇತ್ತು, ಸಂಜೆ ಅದೇ ಹೊತ್ತಿಗೆ ಅದು ಶುರುವಾಗುತ್ತಿತ್ತು. ರೇಡಿಯೋದಲ್ಲಿ ಏನೂ ಕೆಟ್ಟಿರಲಿಲ್ಲ. ಹೊಸಬರಿಗೆ ನನ್ನ ಮೊದಲ ಮಾತು ಇದು: ಡಬ್ಬಿಯನ್ನು ಬೈಯುವ ಮೊದಲು ಡಬ್ಬಿಯೊಳಗೆ ಏನು ಹೋಗುತ್ತಿದೆ ಎಂದು ವಿಚಾರಿಸಿ.

ಸಾಹೇಬರು ವಯಸ್ಸಾಗಿ ಅಂಗಡಿ ಬಿಟ್ಟುಕೊಟ್ಟಾಗ ನಾನು ಅದನ್ನು ತೆಗೆದುಕೊಂಡೆ. ಎಂಬತ್ತರ ನಡುವಿನ ಹೊತ್ತಿಗೆ ರೇಡಿಯೋ ಕೆಲಸ ತೆಳ್ಳಗಾಯಿತು. ಬಿಡಿಭಾಗ ತರಲು ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಮೈಕ್ರೋಪ್ರೊಸೆಸರ್ ಕಲಿಯುವ ಕಿಟ್ ಕಂಡಿತು. ಒಂದು ಹಲಗೆ, ಅದರ ಮೇಲೆ ಒಂದು ಕೀಲಿಮಣೆ, ಕೆಂಪಗೆ ಉರಿಯುವ ಆರು ಅಂಕಿ. ಧೂಳು ಕೂತಿದ್ದನ್ನು ನೋಡಿದ ಮೇಲೆ ಅದು ಯಾರಿಗೂ ಹೋಗದ ಸರಕು ಎಂದು ತಿಳಿಯಿತು. ಅದನ್ನು ಮುಟ್ಟದೆ ಬೇರೆಯದಕ್ಕೆಲ್ಲ ಬೆಲೆ ಕೇಳಿದೆ. ಹೊರಡುವಾಗ ಬಾಗಿಲಲ್ಲಿ ನಿಂತು "ಆ ಧೂಳಿನ ಹಲಗೆ ಎಷ್ಟು?" ಎಂದೆ. ಅರ್ಧ ಬೆಲೆಗೆ ಬಂತು, ಪುಸ್ತಕ ಉಚಿತ. ಬೇಕಾದ್ದನ್ನು ಕೊನೆಯಲ್ಲಿ ಕೇಳಬೇಕು, ಅದೂ ಬಾಗಿಲಲ್ಲಿ ನಿಂತು. ಇದು ನನ್ನ ಎರಡನೆಯ ಮಾತು.

ಆ ಪುಸ್ತಕ ಓದಿ ಓದಿ ತಕ್ಕಡಿ ಮಾಡಬಹುದೆಂದು ಹೊಳೆಯಿತು. ಹಲಗೆಯ ಕೆಳಗೆ ಭಾರಕ್ಕೆ ಸ್ಪಂದಿಸುವ ಒಂದು ಲೋಹದ ತುಂಡು, ಅದರಿಂದ ಬರುವ ಸಣ್ಣ ವಿದ್ಯುತ್ತನ್ನು ಅಂಕಿ ಮಾಡುವ ಚಿಪ್ಪು, ಆ ಅಂಕಿಯನ್ನು ಓದಿ ತೂಕ ಹೇಳುವ ಪ್ರೊಸೆಸರು. ಚೀಲ ಇಟ್ಟರೆ ತೂಕ ತೋರಿಸಿ, ಕೀ ಎಂದು ಕೂಗಿ, ಒಂದು ಎಂದು ಎಣಿಸಿ, ಒಟ್ಟು ತೂಕಕ್ಕೆ ಸೇರಿಸಿಕೊಳ್ಳಬೇಕು. ಕೇಳಲು ಸುಲಭ. ಲೆಕ್ಕ ಇಟ್ಟುಕೊಳ್ಳಲು ಆ ಇನ್ನೂರೈವತ್ತಾರು ಬೈಟು, ಪ್ರೋಗ್ರಾಮಿಗೆ ಬೇರೆಯಾಗಿ ಇದ್ದ ಜಾಗ ಎರಡು ಸಾವಿರ ಚಿಲ್ಲರೆ ಬೈಟು. ಪ್ರೋಗ್ರಾಮನ್ನು ಸುಡುವ, ಅಂದರೆ ಅಚ್ಚೊತ್ತಿದ ಹಾಗೆ ಬರೆದಿಡುವ ಚಿಪ್ಪಿಗೆ ಗಾಜಿನ ಒಂದು ಕಿಟಕಿ ಇತ್ತು. ಬರೆದದ್ದು ತಪ್ಪಾದರೆ ನೇರಳಾತೀತ ಬೆಳಕು ಬಿಟ್ಟು ಅಳಿಸಿ ಮತ್ತೆ ಬರೆಯಬೇಕು. ಆ ದೀಪಕ್ಕೆ ಸಿಕ್ಕಾಪಟ್ಟೆ ಬೆಲೆ ಹೇಳಿದರು. ಬಿಸಿಲಿನಲ್ಲೂ ಆ ಬೆಳಕು ಇರುತ್ತದಲ್ಲ ಎಂದು ನಾನು ಚಿಪ್ಪುಗಳನ್ನು ಥರ್ಮೋಕೋಲಿಗೆ ಚುಚ್ಚಿ ಮಾಳಿಗೆಯ ಮೇಲೆ ಇಟ್ಟೆ. ನನ್ನ ಹೆಂಡತಿ ಪಕ್ಕದಲ್ಲೇ ಸಂಡಿಗೆ ಒಣಹಾಕಿದ್ದಳು.

ಒಂದು ಮಧ್ಯಾಹ್ನ ಮೇಲಿನಿಂದ ಕೂಗಿದಳು: "ರೀ, ಕಾಗೆ ನಿಮ್ಮದೊಂದು ಹೊತ್ಕೊಂಡ್ ಹೋತು!"

"ಸಂಡಿಗೆನಾ?"

"ಸಂಡಿಗೆ ಆಗಿದ್ರೆ ನಿಮ್ದು ಅಂತಿದ್ನಾ? ಚಿಪ್ಪು ಕಣ್ರೀ!"

ಬಿಸಿಲಿನಲ್ಲಿ ಅಳಿಸಲು ಒಂದು ವಾರ ಬೇಕಾಗುತ್ತದೆ, ಕಾಗೆಗೆ ಒಂದು ಗಳಿಗೆ ಸಾಕು. ಆಮೇಲೆ ದಾವಣಗೆರೆಯ ಗುಜರಿಯಲ್ಲಿ ಆಸ್ಪತ್ರೆಯಲ್ಲಿ ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಹಳೆಯ ದೀಪವೊಂದು ಸಿಕ್ಕಿತು. ಅದನ್ನು ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿದೆ. ಚಹಾ ಕುಡಿದು ಬರುವುದರೊಳಗೆ ಚಿಪ್ಪು ಖಾಲಿ.

ಇನ್ನು ತಕ್ಕಡಿಯನ್ನು ಕೊಳ್ಳುವವರ ವಿಷಯ. ಮುರಿಗೆಪ್ಪನವರು ನಮ್ಮ ಕಡೆಯ ದೊಡ್ಡ ಮಂಡಿ ಸಾಹುಕಾರರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆ ಅವರಿಗೆ ಮಂಡಿ ಇತ್ತು. ಒಳ್ಳೆಯ ಮೈಕಟ್ಟು, ಅದಕ್ಕಿಂತ ಒಳ್ಳೆಯ ನಗು, ಬೆಲೆಯ ಮಾತಿನಲ್ಲಿ ಮಾತ್ರ ಕಲ್ಲು. ಒಂದು ತಕ್ಕಡಿಯನ್ನು ಅವರ ಮಂಡಿಗಳಲ್ಲಿ ಇಟ್ಟು ನೋಡುವುದು, ಸರಿ ಬಂದರೆ ನಾಲ್ಕಕ್ಕೂ ಕೊಳ್ಳುವುದು ಎಂದು ಮಾತಾಯಿತು. ಅದನ್ನು ನಂಬಿ ನಾನು ರೇಡಿಯೋ ಕೆಲಸ ಪೂರ್ತಿ ನಿಲ್ಲಿಸಿದೆ. ಅಂದರೆ ತಕ್ಕಡಿ ಸೋತರೆ ಅಂಗಡಿ ಮುಚ್ಚಬೇಕು.

ಮೊದಲು ಹೊನ್ನಾಳಿ. ಭತ್ತದ ಸುಗ್ಗಿ. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮುರಿಗೆಪ್ಪನವರು ನನ್ನನ್ನು ಕರೆದು ಹೆಗಲ ಮೇಲೆ ಕೈ ಹಾಕಿದರು.

"ಮಾದೇವಪ್ಪಾರೆ, ನಿಮ್ಮ ತಕ್ಕಡಿ ಬಾಳ ಉದಾರಿ ಐತ್ರಿ. ಒಂದು ಚೀಲ ಇಟ್ರೆ ಎರಡು ಅಂತೈತೆ. ನಮ್ಮನೆಗೂ ಒಂದು ಕೊಡ್ರಿ, ಹೆಣ್ಮಕ್ಕಳ ಬಂಗಾರ ತೂಗಾಕೆ."

ಹೋಗಿ ನೋಡಿದೆ. ಚೀಲ ಇಟ್ಟರು, ತಕ್ಕಡಿ ಕೀ ಎಂದಿತು, ಒಂದು ಏರಿತು. ಆಮೇಲೆ ಮಂಡಿಯವನು ರಾಶಿಯಿಂದ ಒಂದು ಬೊಗಸೆ ಭತ್ತ ಎತ್ತಿ ಚೀಲಕ್ಕೆ ಸುರಿದ. ಕೊಸರು! ಅಳೆದ ಮೇಲೆ ಒಂದು ಬೊಗಸೆ ಮೇಲೆ ಹಾಕುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ನನ್ನ ತಾಯಿ ಸೊಪ್ಪಿನವಳ ಹತ್ತಿರ ಕೊಸರಿಲ್ಲದೆ ಒಂದು ಕಟ್ಟು ಸೊಪ್ಪು ಕೊಂಡವಳಲ್ಲ. ನಾನೇ ಬೋಲ್ಟು ಕೊಂಡರೆ ಎರಡು ವಾಷರ್ ಕೊಸರು ಕೇಳುವವನು. ಆದರೆ ಪ್ರೋಗ್ರಾಮ್ ಬರೆಯುವಾಗ ಅದು ನನ್ನ ತಲೆಗೆ ಬರಲೇ ಇಲ್ಲ. ಬೊಗಸೆ ಬಿದ್ದಾಗ ತೂಕ ಅಲುಗಿತು, ಮತ್ತೆ ನಿಂತಿತು. ನಿಂತಿತು ಎಂದರೆ ಚೀಲ ಬಂತು ಎಂದು ತಕ್ಕಡಿ ತಿಳಿದುಕೊಂಡಿತು. ಕೀ! ಎರಡು.

ತೇಪೆ ಹಾಕಿದೆ. ಚೀಲ ಎಣಿಸಿದ ಮೇಲೆ ಹಲಗೆ ಖಾಲಿಯಾಗುವವರೆಗೆ ಇನ್ನೊಂದನ್ನು ಎಣಿಸಬೇಡ ಎಂದು ಹೇಳಿಟ್ಟೆ. ನ್ಯಾಮತಿಗೆ ಒಯ್ದೆ. ಅಲ್ಲಿ ಮೆಕ್ಕೆಜೋಳ ತೂಗುವ ಹಮಾಲರದು ಬೇರೆಯೇ ಕೈಚಳಕ. ಒಬ್ಬ ಕೊಕ್ಕೆ ಹಾಕಿ ಚೀಲ ಎಳೆಯುವಾಗಲೇ ಇನ್ನೊಬ್ಬ ಮುಂದಿನದನ್ನು ತಳ್ಳುತ್ತಿದ್ದ. ಹಲಗೆ ಖಾಲಿಯಾಗುವುದೇ ಇಲ್ಲ. ತಕ್ಕಡಿ ಖಾಲಿಗಾಗಿ ಕಾಯುತ್ತಾ ಕೂತಿತು, ಚೀಲಗಳು ಎಣಿಕೆಗೆ ಸಿಗದೆ ದಾಟಿಹೋದವು. ಹಮಾಲರ ಕೂಲಿ ಚೀಲದ ಲೆಕ್ಕದ ಮೇಲೆ. ಅವರು ಕೊಕ್ಕೆ ಕೆಳಗಿಟ್ಟು ನಿಂತುಬಿಟ್ಟರು. ಆ ದಿನ ನನಗೊಂದು ಪಾಠವಾಯಿತು. ಈ ಕೆಲಸದಲ್ಲಿ ಸರಿಯಾದ ಉತ್ತರ ಕೊಟ್ಟರೆ ಸಾಲದು, ಹೊತ್ತಿಗೆ ಸರಿಯಾಗಿ ಕೊಡಬೇಕು. ಚೀಲ ಹೊತ್ತವನು ನಿಮ್ಮ ಚಿಪ್ಪಿಗಾಗಿ ಕಾಯುವುದಿಲ್ಲ.

ಮತ್ತೆ ತೇಪೆ, ಅದಕ್ಕೆ ಇನ್ನೊಂದು ತೇಪೆ. ಇದನ್ನು ಸರಿಮಾಡಿದರೆ ಅದು ಕೆಡುತ್ತಿತ್ತು, ಅದನ್ನು ಮುಟ್ಟಿದರೆ ಅಂಕಿ ತಲೆಕೆಳಗಾಗುತ್ತಿತ್ತು. ಜಾಗವೂ ಮುಗಿಯುತ್ತಾ ಬಂತು.

ಈ ಹೊತ್ತಿಗೆ ಶಶಿಕಲಾ ಬಂದರು. ನಮ್ಮ ಪಕ್ಕದ ಮನೆಯ ಸೊಸೆ, ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರು, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದರು. ಟೇಪ್‌ರೆಕಾರ್ಡರ್ ರಿಪೇರಿಗೆಂದು ಬಂದವರು ಮೇಜಿನ ಮೇಲಿದ್ದ ನನ್ನ ಪ್ರೋಗ್ರಾಮಿನ ಹಾಳೆಗಳನ್ನು ತಿರುವಿ ಹಾಕಿದರು.

"ಇದ್ನ ಯಾರು ಬರ್ದಿದ್ದು ಅಣ್ಣಾರೆ?"

"ನಾನೇ. ಹೆಂಗೈತೆ?"

"ಅಡಿಗೆಮನ್ಯಾಗೆ ನಾಕು ಜನ ಸೇರಿ ಒಂದೇ ಸಾರಿಗೆ ಉಪ್ಪು ಹಾಕಿದಂಗೈತೆ. ಕೀ ಅನ್ನೋ ಭಾಗ ಲೆಕ್ಕಕ್ಕೆ ಕೈ ಹಾಕ್ತೈತೆ, ಅಂಕಿ ತೋರ್ಸೋ ಭಾಗ ತೂಕಕ್ಕೆ ಕೈ ಹಾಕ್ತೈತೆ. ಯಾರು ಯಾವಾಗ ಏನು ಬದ್ಲಾಯ್ಸಿದ್ರು ಅಂತ ದೇವರಿಗೂ ಗೊತ್ತಾಗಲ್ಲ."

ಸಿಟ್ಟು ಬಂತು. ಆದರೆ ವ್ಯಾಪಾರದಲ್ಲಿ ಸಿಟ್ಟು ಬಂದಾಗ ಚಹಾ ತರಿಸಬೇಕು. ತರಿಸಿದೆ. ಅವರು ಕಾಲೇಜಿನಲ್ಲಿ ಓದಿದ್ದ ಒಂದು ಲೇಖನದ ವಿಷಯ ಹೇಳಿದರು. ಪ್ರೋಗ್ರಾಮನ್ನು ಗಣಿತದ ಸೂತ್ರದ ಹಾಗೆ ಬರೆಯುವ ಪದ್ಧತಿಯೊಂದಿದೆಯಂತೆ. ಒಳಗೆ ಕೊಟ್ಟದ್ದರಿಂದ ಮಾತ್ರ ಉತ್ತರ ಹೊರಡಬೇಕು. ಕದ್ದು ಮುಚ್ಚಿ ಬೇರೆ ಯಾವುದನ್ನೂ ನೋಡುವಂತಿಲ್ಲ, ಬೇರೆ ಯಾವುದನ್ನೂ ಬದಲಿಸುವಂತಿಲ್ಲ. ಅದಕ್ಕೆಂದೇ ಮಾಡಿದ ಭಾಷೆಗಳಿಗೆ ಕೋಣೆಯಷ್ಟು ದೊಡ್ಡ ಯಂತ್ರ ಬೇಕು.

"ನಮ್ಮ ಡಬ್ಬಿಗೆ ಆ ಭಾಷೆ ಹಿಡಿಯಲ್ಲ ಅಣ್ಣಾರೆ. ಆದ್ರೆ ಬುದ್ಧಿ ಹಿಡೀತೈತೆ" ಎಂದರು.

ಇವತ್ತು ನೀವು ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಕೋರ್ಸು ಮಾಡುತ್ತೀರಲ್ಲ, ಅದು ನನಗೆ ಪರಿಚಯವಾದದ್ದು ಹೀಗೆ. ನನಗೆ ಅರ್ಥವಾದದ್ದು ವ್ಯಾಪಾರದ ಲೆಕ್ಕದಲ್ಲಿ. ನನ್ನ ಹಳೆಯ ಪ್ರೋಗ್ರಾಮು ಸಿಡುಕಿನ ವ್ಯಾಪಾರಿಯ ಹಾಗೆ. ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿದ್ದರೆ ಒಂದು ಬೆಲೆ, ಮಗ ಪಾಸಾಗಿದ್ದರೆ ಇನ್ನೊಂದು ಬೆಲೆ. ಶಶಿಕಲಾ ಹೇಳಿದ ಪ್ರೋಗ್ರಾಮು ಸರಕನ್ನು ಮಾತ್ರ ನೋಡಿ ಬೆಲೆ ಹೇಳುವವನು. ಅದೇ ಸರಕಿಗೆ ಅದೇ ಬೆಲೆ, ಯಾರು ಬಂದರೂ, ಯಾವಾಗ ಬಂದರೂ. ಅಂಥವನ ಹತ್ತಿರ ಚೌಕಾಶಿ ಮಾಡಲು ಮಜಾ ಇಲ್ಲ, ಆದರೆ ಯಂತ್ರ ಅಂಥದ್ದೇ ಇರಬೇಕು.

ಅವರು ಪಾಲಿಟೆಕ್ನಿಕ್ಕಿನ ಕೆಲಸ ಬಿಟ್ಟು ನನ್ನ ಜೊತೆ ಸೇರಿದರು. ಮನೆಯಲ್ಲಿ ಮಾವನವರು "ರೇಡಿಯೋ ರಿಪೇರಿಯವನ ಅಂಗಡಿಗಾ?" ಎಂದು ಗೊಣಗಿದರಂತೆ. ತಕ್ಕಡಿ ನಡೆಯದಿದ್ದರೆ ಮತ್ತೆ ಪಾಠಕ್ಕೆ ಹೋಗುತ್ತೇನೆ ಎಂದು ಇವರು ಮಾತು ಕೊಟ್ಟು ಬಂದಿದ್ದರು. ಈಗ ತಕ್ಕಡಿಯ ಮೇಲೆ ಇಬ್ಬರ ಭಾರ.

ಶಶಿಕಲಾ ನನ್ನ ತೇಪೆಗಳನ್ನೆಲ್ಲ ಕಿತ್ತು ಹಾಕಿದರು. ತಕ್ಕಡಿ ಎಂದರೆ ಇನ್ನು ಮೇಲೆ ಒಂದೇ ಕೋಷ್ಟಕ. ಹಿಂದಿನ ಗಳಿಗೆಯಲ್ಲಿ ತಕ್ಕಡಿ ಯಾವ ಸ್ಥಿತಿಯಲ್ಲಿತ್ತು, ಈಗ ತೂಕ ಎಷ್ಟು, ಇವೆರಡನ್ನು ಕೊಟ್ಟರೆ ಮುಂದಿನ ಸ್ಥಿತಿ ಯಾವುದು, ಹೊರಗೆ ಏನು ಹೇಳಬೇಕು ಎಂಬುದು ಬರುತ್ತದೆ. ಸ್ಥಿತಿಗಳಿಗೆ ಹೆಸರಿಟ್ಟರು: ಖಾಲಿ, ಅಲುಗಾಟ, ನಿಂತದ್ದು, ಕೊಸರು. ಹೌದು, ಕೊಸರಿಗೆ ಪ್ರೋಗ್ರಾಮಿನಲ್ಲಿ ಜಾಗ ಸಿಕ್ಕಿತು. ನಿಂತ ಮೇಲೆ ಬೊಗಸೆಯಷ್ಟು ಏರಿದರೆ ಅದು ಕೊಸರು, ಲೆಕ್ಕಕ್ಕಿಲ್ಲ. ದೊಡ್ಡ ಓಲಾಟ ಬಂದು ಮತ್ತೆ ನಿಂತರೆ, ನಡುವೆ ಹಲಗೆ ಖಾಲಿಯಾಗಿರಲಿ ಬಿಡಲಿ, ಅದು ಹೊಸ ಚೀಲ. ಹಳೆಯ ಸ್ಥಿತಿಯನ್ನು ತಿದ್ದುವಂತಿಲ್ಲ. ಹೊಸದನ್ನು ಪಕ್ಕದಲ್ಲಿ ಬರೆದು, ಪೂರ್ತಿಯಾದ ಮೇಲೆ ಹಳೆಯದನ್ನು ಬಿಡಬೇಕು.

"ಎರಡೆರಡು ಪ್ರತಿ ಇಡಾಕೆ ಜಾಗ ಎಲ್ಲೈತಮ್ಮ?" ಎಂದೆ.

"ಸ್ಥಿತಿ ಎಲ್ಲಾ ಸೇರಿದ್ರೂ ಹನ್ನೆರಡು ಬೈಟು ಅಣ್ಣಾರೆ. ನಿಮ್ಮ ತೇಪೆಗಿಂತ ಕಮ್ಮಿ."

ಎಣಿಸಿದೆ. ಹೌದು, ಕಡಿಮೆ. ಇನ್ನೂ ಒಂದು ಲಾಭವಿತ್ತು. ಪ್ರತಿ ಸಲವೂ ಅದೇ ಕೋಷ್ಟಕದಲ್ಲಿ ಒಂದೇ ಸಲ ನೋಡುವುದರಿಂದ ಉತ್ತರಕ್ಕೆ ಪ್ರತಿ ಸಲವೂ ಅಷ್ಟೇ ಹೊತ್ತು. ತಕ್ಕಡಿ ಯೋಚಿಸುತ್ತಾ ಕೂರುವ ಪ್ರಶ್ನೆಯೇ ಇಲ್ಲ. ಕರೆಂಟು ಹೋದರೂ ಹನ್ನೆರಡು ಬೈಟನ್ನು ಪೆನ್ ಟಾರ್ಚಿನ ಸೆಲ್ಲು ಉಳಿಸಿಕೊಳ್ಳುತ್ತಿತ್ತು. ಕರೆಂಟು ಬಂದಾಗ ಬಿಟ್ಟಲ್ಲಿಂದ ಶುರು.

ಚಿಪ್ಪಿಗೆ ಸುಡುವ ಮುಂಚೆ ಮೇಜಿನ ಮೇಲೆಯೇ ಪರೀಕ್ಷೆ. ನಾನು ತೂಕ ಕೂಗುವುದು, ಅವರು ಕೋಷ್ಟಕ ನೋಡಿ ಉತ್ತರ ಹೇಳುವುದು. ಸೋಲಿಸಲೇಬೇಕೆಂದು ಹಟ ನನಗೆ.

"ಚೀಲ ನಿಂತೈತೆ. ಕೋಳಿ ಹಾರಿ ಮೇಲೆ ಕೂತ್ಕಂತು!"

"ಕೋಳಿ ಎಷ್ಟು ಕೇಜಿ?"

"ಒಂದೂವರೆ."

"ಕೊಸರು. ಲೆಕ್ಕ ಏರಲ್ಲ. ಮುಂದೆ?"

"ಕೋಳಿ ಹಾರಿಹೋತು. ಅದರ ಹಿಂದೆ ನಾಯಿ ಓಡಿ ಬಂತು!"

"ನಾಯಿ ತೂಕ ಹೇಳ್ರಿ, ಜಾತಿ ಬ್ಯಾಡ."

ಸೋಲಲಿಲ್ಲ. ಅದೇ ಪ್ರಶ್ನೆಯನ್ನು ಸಂಜೆ ಮತ್ತೆ ಕೇಳಿದರೂ ಅದೇ ಉತ್ತರ. ಹೊಸಬರೇ, ಯಂತ್ರವಿಲ್ಲದೆ ಮೇಜಿನ ಮೇಲೆ ಪರೀಕ್ಷಿಸಲು ಬರುವ ಹಾಗೆ ಬರೆಯಿರಿ. ಮಂಡಿಯಲ್ಲಿ ಮಾನ ಉಳಿಯುತ್ತದೆ.

ಉಳಿದದ್ದು ಜಗಳೂರು. ನ್ಯಾಮತಿಯ ಸುದ್ದಿ ಅಲ್ಲಿಗೆ ನಮಗಿಂತ ಮುಂಚೆ ತಲುಪಿತ್ತು. ಅಲ್ಲಿನ ಹಮಾಲರ ಮುಂದಾಳು ದುರುಗಪ್ಪ, ಬಿಳಿಚೋಡಿನವರು. ಅವರು ಪೇಟೆಯ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಕಟ್ಟಿದ ಎತ್ತು ಕಿವಿ ನಿಮಿರಿಸುತ್ತಿತ್ತು. ತಮ್ಮ ಗುಂಪು ಈ ಡಬ್ಬಿಯ ಲೆಕ್ಕಕ್ಕೆ ಚೀಲ ಹೊರುವುದಿಲ್ಲ ಎಂದು ಅವರು ಮುರಿಗೆಪ್ಪನವರಿಗೆ ಹೇಳಿಯಾಗಿತ್ತು. ಮುರಿಗೆಪ್ಪನವರು ನನಗೆ ನೇರವಾಗಿ ಹೇಳಿದರು: "ದುರುಗಪ್ಪ ಹೂಂ ಅಂದ್ರೆ ನಾಕು ತಕ್ಕಡಿ. ಇಲ್ಲ ಅಂದ್ರೆ ಒಂದೂ ಬ್ಯಾಡ. ಹಮಾಲರು ಕೆಲಸ ನಿಲ್ಸಿದ್ರೆ ನಿಮ್ಮ ಚಿಪ್ಪು ಚೀಲ ಹೊರ್ತೈತೇನ್ರಿ?"

ತಕ್ಕಡಿ ಹೊತ್ತು ಬಸ್ಸು ಹತ್ತಿದೆವು. ಕಂಡಕ್ಟರು ಲಗೇಜ್ ಟಿಕೇಟು ಎಂದ.

"ತೂಕ ಎಷ್ಟೈತೆ ಅಂತ ಹೇಳ್ರಿ, ಕೊಡ್ತೀನಿ" ಎಂದೆ.

"ನಂಗೇನ್ ಗೊತ್ತು? ತಕ್ಕಡಿ ಎಲ್ಲೈತೆ ಇಲ್ಲಿ?"

"ಇದೇ ತಕ್ಕಡಿ."

ಅವನು ಟಿಕೇಟು ಹರಿಯದೆ ಮುಂದಿನ ಸೀಟಿಗೆ ಹೋದ.

ಸಂತೆಯ ದಿನ. ದುರುಗಪ್ಪ ತಲೆಗೆ ಟವೆಲ್ಲು ಸುತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ರೀ, ನ್ಯಾಮತ್ಯಾಗೆ ನಿಮ್ ಡಬ್ಬಿ ಚೀಲ ನುಂಗ್ತಂತೆ? ಇಲ್ಲೂ ನುಂಗಿದ್ರೆ ನಮ್ಮವರ ಕೂಲಿ ಅದರ ಹೊಟ್ಟೆ ಸೀಳಿ ತೆಗೀಬೇಕೇನು?"

"ಸೀಳ್ರಿ ಯಜಮಾನ್ರೆ, ನಾನೇ ಕತ್ತಿ ಕೊಡ್ತೀನಿ" ಎಂದೆ. "ಇವತ್ತೊಂದಿನ ಎರಡೂ ಲೆಕ್ಕ ಇಡಾನ. ನಿಮ್ದು ನಿಮಗೆ, ಡಬ್ಬಿದು ಡಬ್ಬಿಗೆ. ಚೀಲ ಎರಡು ಕಡೆ ತೂಗಾಕೆ ಎರಡು ಸಲದ ಕೂಲಿ ನನ್ನ ಕೈಯಿಂದ."

ಚೌಕಾಶಿಯಲ್ಲಿ ಬಿಗಿ ಹಿಡಿಯುವುದು ಎಲ್ಲರಿಗೂ ಬರುತ್ತದೆ, ಎಲ್ಲಿ ಸಡಿಲ ಬಿಡಬೇಕೆಂಬುದು ಕೆಲವರಿಗೆ ಮಾತ್ರ ಗೊತ್ತು. ದುರುಗಪ್ಪ ಒಪ್ಪಿದರು. ಒಂದು ಚೀಲಕ್ಕೆ ಒಂದು ಹುಣಸೆಬೀಜದಂತೆ ತಗಡಿನ ಡಬ್ಬಿಗೆ ಹಾಕುವುದು ಅವರ ಲೆಕ್ಕ. ಶೇಂಗಾ ಚೀಲಗಳು ಮೊದಲು ಮಂಡಿಯ ಹಳೆಯ ತೂಕದ ಕಾಟಾದ ಮೇಲೆ, ಆಮೇಲೆ ನಮ್ಮ ಹಲಗೆಯ ಮೇಲೆ. ಕೊಸರು ಬಿತ್ತು, ತಕ್ಕಡಿ ಸುಮ್ಮನಿತ್ತು. ಎಳೆದರು, ತಳ್ಳಿದರು, ಸರಿಯಾಗಿ ಎಣಿಸಿತು. ಊಟದ ಹೊತ್ತಿಗೆ ಬೀಜ ಎಣಿಸಿದರೆ ಎರಡೂ ಸಮ. ಶಶಿಕಲಾ ಮತ್ತು ನಾನು ಹೋಟೆಲಿಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದೆವು. ಹಮಾಲರು ನೆರಳಿನಲ್ಲಿ ಬುತ್ತಿ ಬಿಚ್ಚಿದರು.

ಸಂಜೆ ಮತ್ತೆ ಎಣಿಸಿದಾಗ ತಕ್ಕಡಿಯ ಲೆಕ್ಕದಲ್ಲಿ ಒಂದು ಚೀಲ ಹೆಚ್ಚು.

ಮುರಿಗೆಪ್ಪನವರು ತಲೆಯಾಡಿಸಿದರು. "ಅಲ್ಲಿ ನುಂಗ್ತು, ಇಲ್ಲಿ ಕಕ್ತು. ಹೊಟ್ಟೆ ಸರಿ ಇಲ್ಲ ಇದಕ್ಕೆ."

ಹಮಾಲರಲ್ಲಿ ಒಬ್ಬ ನಗುತ್ತಾ, "ಅಣ್ಣಾ, ಡಬ್ಬಿ ಲೆಕ್ಕದಾಗೇ ಕೂಲಿ ಇಸ್ಕೊಳ್ಳಾನ" ಎಂದ.

"ಸುಮ್ನಿರಲೇ" ಎಂದರು ದುರುಗಪ್ಪ. "ಇವತ್ತು ಒಂದು ಜಾಸ್ತಿ ಅಂದಿದ್ದು ನಾಳೆ ನಾಕು ಕಮ್ಮಿ ಅಂತೈತೆ. ಬ್ಯಾಡ. ತಗಂಡ್ ಹೋಗ್ರಿ."

ಹಳೆಯ ಪ್ರೋಗ್ರಾಮಾಗಿದ್ದರೆ ತಂತಿ ಸಡಿಲವೋ, ವೋಲ್ಟೇಜೋ, ಬಿಸಿಲೋ ಎಂದು ಹುಡುಕುತ್ತಾ ಕೂರುತ್ತಿದ್ದೆ. ಶಶಿಕಲಾ ಮುಚ್ಚಳ ತೆಗೆಯಲೇ ಇಲ್ಲ.

"ಇದರೊಳಗೆ ತಾನಾಗಿ ಏನೂ ಹುಟ್ಟಲ್ಲ" ಎಂದರು. "ಒಂದು ಜಾಸ್ತಿ ಬಂದೈತೆ ಅಂದ್ರೆ ಒಂದು ಜಾಸ್ತಿ ಹೋಗೈತೆ. ದುರುಗಪ್ಪಣ್ಣನ ಬೀಜನೂ ಸರಿ ಐತೆ. ಈ ಹಲಗೆ ಮೇಲೆ ಚೀಲ ಅಲ್ಲದ್ದು ಏನೋ ಹತ್ತೈತೆ."

ಕಾಟಾದ ಒಟ್ಟು ತೂಕವನ್ನು ತಕ್ಕಡಿಯ ಒಟ್ಟಿನಿಂದ ಕಳೆದರು. ಚಿಲ್ಲರೆ ಬಿಟ್ಟರೆ ತೊಂಬತ್ತು ಕೇಜಿಯ ಹತ್ತಿರ.

"ತೊಂಬತ್ತಾ?" ದುರುಗಪ್ಪ ನಕ್ಕುಬಿಟ್ಟರು. "ಸಿಪ್ಪೆ ಶೇಂಗಾ ಚೀಲ ಅದರ ಅರ್ಧನೂ ತೂಗಲ್ಲ. ಯಾವ ಗೂಳಿ ಹತ್ತಿತ್ತೋ!"

ಎಲ್ಲರೂ ಸುತ್ತ ನೋಡಿದರು. ಹಮಾಲರು ಗಟ್ಟಿಮೈಯವರು, ಆದರೆ ಯಾರೂ ಅಷ್ಟು ತೂಗುವವರಲ್ಲ. ನಾನಂತೂ ಒಣ ಕಡ್ಡಿ. ಕಣ್ಣುಗಳು ಒಂದೊಂದಾಗಿ ಒಂದೇ ಕಡೆ ತಿರುಗಿದವು. ಮುರಿಗೆಪ್ಪನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು.

"ನೀವೆಲ್ಲ ಊಟಕ್ಕೆ ಹೋಗಿದ್ರಿ" ಎಂದರು. "ಡಾಕ್ಟ್ರು ತೂಕ ಇಳಿಸ್ರಿ ಅಂದಿದ್ರು. ಎಷ್ಟು ಇಳ್ದೈತೆ ನೋಡಾನ ಅಂತ…"

ಮಂಡಿಯ ತಗಡಿನ ಸೂರು ಹಾರಿಹೋಗುವ ಹಾಗೆ ನಗು ಎದ್ದಿತು. ಶೇಂಗಾ ತಂದಿದ್ದ ರೈತರು ಗಾಡಿಗಳಿಂದ ಇಳಿದು ಬಂದು ಏನು ಏನು ಎಂದು ಕೇಳಿಕೊಂಡು ಮತ್ತೆ ನಕ್ಕರು. ದುರುಗಪ್ಪ ಮಾತ್ರ ಮುಖ ಗಂಭೀರ ಮಾಡಿಕೊಂಡು, "ಸಾವ್ಕಾರ್ರೆ, ಈ ಚೀಲ ತಾನೇ ಹತ್ತಿ ತಾನೇ ಇಳ್ದೈತೆ. ಇದಕ್ಕೆ ಕೂಲಿ ಬ್ಯಾಡ ಬಿಡ್ರಿ" ಎಂದರು.

ಅಲ್ಲಿಗೆ ಗೆದ್ದೆವೆಂದು ನಾನು ತಿಳಿದೆ. ದುರುಗಪ್ಪ ಒಪ್ಪಲಿಲ್ಲ. ನಗು ಇಳಿದ ಮೇಲೆ ನನ್ನ ಹತ್ತಿರ ಬಂದರು.

"ನಿಮ್ ಡಬ್ಬಿ ಸುಳ್ಳು ಹೇಳಲ್ಲ, ಒಪ್ದೆ. ಆದ್ರೆ ಅದಕ್ಕೆ ಸಾವ್ಕಾರ್ರೂ ಒಂದೇ, ಶೇಂಗಾನೂ ಒಂದೇ. ನಾಳೆ ಎಮ್ಮೆಕರು ಹತ್ತಿದ್ರೆ? ಯಾರಾದ್ರೂ ಬೇಕಂತಾನೇ ಹತ್ತಿದ್ರೆ? ತಪ್ಪು ಅದರದ್ದಲ್ಲ ಅಂತ ನೀವು ಅಂತೀರಿ, ನಮ್ಮ ಲೆಕ್ಕ ಕೆಟ್ಟಿದ್ದು ಕೆಟ್ಟೇ ಹೋತು."

"ಮತ್ತೆ ಏನ್ ಮಾಡಾನ ಹೇಳ್ರಿ."

"ನಾನು ಹೂಂ ಅಂದ್ರೇನೇ ಅದು ಚೀಲ. ಇಲ್ಲಾಂದ್ರೆ ಅಲ್ಲ."

ನಾನು ಶಶಿಕಲಾ ಕಡೆ ನೋಡಿದೆ. ನನ್ನ ಹಳೆಯ ಪ್ರೋಗ್ರಾಮಿನಲ್ಲಿ ಇಂಥ ಒಂದು ಮಾತು ಸೇರಿಸಬೇಕಾದರೆ ಸುಗ್ಗಿ ಮುಗಿದುಹೋಗುತ್ತಿತ್ತು. ಅವರು ಆಗಲೇ ಬೆರಳಲ್ಲಿ ಏನೋ ಎಣಿಸುತ್ತಿದ್ದರು.

"ಒಂದು ಗುಂಡಿ ಹಾಕಾನ. ಕೋಷ್ಟಕಕ್ಕೆ ಇನ್ನೊಂದು ಕಾಲಮ್ಮು, ಅಷ್ಟೇ. ತೂಕ ನಿಂತ ಮೇಲೆ ಗುಂಡಿ ಒತ್ತಿದ್ರೆ ಲೆಕ್ಕ, ಇಲ್ಲಾಂದ್ರೆ ಇಲ್ಲ. ಮುಂದಿನ ಸಂತೆಗೆ ತರ್ತೀವಿ."

ಮುರಿಗೆಪ್ಪನವರು ಇಷ್ಟು ಹೊತ್ತಿಗೆ ಚೇತರಿಸಿಕೊಂಡಿದ್ದರು. "ರಿಪೇರಿ ಬೇಕಾಗೋ ಸರಕು ಅಂದ್ಮೇಲೆ ಬೆಲೆ ಇಳಿಸ್ಬೇಕ್ರಿ" ಎಂದರು.

"ಬೆಲೆ ಇಳಿಸಲ್ಲ ಸಾವ್ಕಾರ್ರೆ" ಎಂದೆ. "ಆದ್ರೆ ಚನ್ನಗಿರಿಯಾಗೆ ನಿಮ್ಮ ಮನೆಯವ್ರು ಸಿಕ್ಕಿ, ನಮ್ಮನೆಯವ್ರ ತೂಕ ಎಷ್ಟು ಇಳ್ದೈತೆ ಅಂತ ಕೇಳಿದ್ರೆ, ನಂಗೆ ಗೊತ್ತಿಲ್ಲ ಅಂತೀನಿ."

ಅವರು ಕೈ ಚಾಚಿದರು. ನನ್ನ ಜೀವನದಲ್ಲಿ ಅಷ್ಟು ಬೇಗ ಮುಗಿದ ಚೌಕಾಶಿ ಇನ್ನೊಂದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಶಶಿಕಲಾ ಕೋಷ್ಟಕದ ಪ್ರತಿ ಸಾಲನ್ನೂ ಗುಂಡಿ ಒತ್ತಿದಾಗ, ಒತ್ತದಿದ್ದಾಗ ಎಂದು ಬಾಯಲ್ಲೇ ಪರೀಕ್ಷಿಸಿದರು. ಒಂದಾದರೂ ಸಾಲು ಬಿಡುತ್ತಾರೇನೋ ಎಂದು ನಾನು ನಿದ್ದೆ ಮಾಡುವವನ ಹಾಗೆ ಕೂತು ಕೇಳಿಸಿಕೊಂಡೆ. ಒಂದನ್ನೂ ಬಿಡಲಿಲ್ಲ.

ಮುಂದಿನ ಸಂತೆಗೆ ಹೋದಾಗ ತಕ್ಕಡಿಯ ಪಕ್ಕದಲ್ಲಿ ಅಂಗೈಯಗಲದ ಒಂದು ಕೆಂಪು ಗುಂಡಿ ಇತ್ತು. ಶೇಂಗಾ ಹೊರುವ ಕೈಗೆ ಸಣ್ಣ ಗುಂಡಿ ಆಗುವುದಿಲ್ಲ ಎಂದು ದೊಡ್ಡದನ್ನೇ ಹುಡುಕಿ ತಂದಿದ್ದೆ. ಹಮಾಲರು ಸುತ್ತ ನಿಂತರು. ಮೊದಲ ಚೀಲ ಹಲಗೆಯ ಮೇಲೆ ಬಿತ್ತು, ಅಂಕಿ ಓಲಾಡಿ ನಿಂತಿತು. ತಕ್ಕಡಿ ತುಟಿ ಬಿಚ್ಚಲಿಲ್ಲ. ದುರುಗಪ್ಪ ಬೇಕೆಂದೇ ಕಾದರು. ಟವೆಲ್ಲು ಬಿಚ್ಚಿ ಕೊಡವಿದರು, ಮತ್ತೆ ಸುತ್ತಿಕೊಂಡರು, ಮುರಿಗೆಪ್ಪನವರ ಕಡೆ ಒಮ್ಮೆ ನೋಡಿದರು. ತಕ್ಕಡಿ ಕಾಯುತ್ತಲೇ ಇತ್ತು. ಕೊನೆಗೆ ಅಂಗೈ ಇಟ್ಟು ಒತ್ತಿದರು.

ಕೀ!

ದುರುಗಪ್ಪ ಹುಣಸೆಬೀಜದ ಡಬ್ಬಿಯನ್ನು ಎತ್ತಿ ತಮ್ಮ ಗುಂಪಿನ ಒಬ್ಬನ ಕೈಗೆ ಕೊಟ್ಟರು. "ತಗಳಲೇ, ಸಾರಿಗೆ ಆಗಲ್ಲ ಅಂದ್ರೆ ಹುರ್ಕಂಡು ತಿನ್ನು" ಎಂದರು. ಆಮೇಲೆ ಪೇಟೆಯ ಆ ತುದಿಗೆ ಕೇಳುವ ಹಾಗೆ ಕೂಗಿದರು:

"ಇದು ನಮ್ ಮಾತು ಕೇಳ್ತೈತೆ. ಹೊರ್ರೋ ಚೀಲ!"